ಪೆಂಟ್ಯಾಕ್ಸ್ ಕೆ1000: ಫೋಟೋಗಳ ಎಡಗಡೆ ಕಿತ್ತಳೆ ಗೆರೆ. ಶಟರ್ ಹೋಗಿದೆಯಾ?

ಮಳೆಹನಿ_ಸಾಗರ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಕೆ1000 ಕ್ಯಾಮೆರಾವನ್ನು ಅತ್ತೆ ನನಗೆ ಕೊಟ್ಟರು. ಹದಿನೈದು ವರ್ಷ ಬೀರುವಿನಲ್ಲೇ ಇತ್ತು. ಮೀಟರ್ ಮುಳ್ಳು ಆಡುತ್ತೆ, ಶಟರ್ ಸದ್ದೂ ಸರಿ ಇದೆ. ಒಂದು ಕೊಡಾಕ್ ಗೋಲ್ಡ್ 200 ಹಾಕಿಕೊಂಡು ಮಾರಿ ಜಾತ್ರೆಗೆ ಹೋದೆ.

ರೀಲು ತೊಳೆಸಿ ಸ್ಕ್ಯಾನ್ ನೋಡಿದಾಗ ಜೀವ ಚುರ್ ಅಂತು. 36ರಲ್ಲಿ 9 ಫೋಟೋಗಳ ಎಡಗಡೆ ಅಗಲವಾದ ಕಿತ್ತಳೆ ಗೆರೆ. ಒಂದರಲ್ಲಿ ನಮ್ಮ ಅಜ್ಜಿಯ ಮುಖದ ಮೇಲೇ ಬಂದಿದೆ. ಉಳಿದವು ಚೊಕ್ಕವಾಗಿವೆ. ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದೆ. ನೆಗೆಟಿವ್ ನೋಡಲೂ ಇಲ್ಲ, "ಶಟರ್ ಬಟ್ಟೆ ತೂತಾಗಿದೆ, ಆರು ಸಾವಿರ ಆಗುತ್ತೆ" ಅಂದರು. ನಿಜ ಇರಬಹುದಾ? ಹಿಂದಿನ ಬಾಗಿಲು ತೆಗೆದರೆ ಅಂಚಿನಲ್ಲಿ ಕರಗಿದ ಟಾರಿನ ಹಾಗೆ ಏನೋ ಅಂಟಿಕೊಂಡಿದೆ. ಬೆರಳಿಗೆ ಹತ್ತಿದ್ದು ಸೋಪಿಗೂ ಹೋಗಲಿಲ್ಲ.

ಟ್ರೈಪಾಡ್_ಧಾರವಾಡ:

ಆ ಟಾರಿನಂಥದ್ದು ಬಾಗಿಲ ಸಂದಿಯಿಂದ ಬೆಳಕು ಒಳಗೆ ಬರದ ಹಾಗೆ ಹಾಕಿರುವ ಹಳೇ ಫೋಮ್ ರೀ. ಆ ಕಾಲದ ಜಪಾನಿ ಕ್ಯಾಮೆರಾಗಳಲ್ಲಿ ಬಹುತೇಕ ಎಲ್ಲದರಲ್ಲೂ ಹೀಗೇ ಆಗುತ್ತೆ. ಆನ್‌ಲೈನಲ್ಲಿ ಸೀಲ್ ಕಿಟ್ ಸಿಗುತ್ತೆ. ಎಲ್ಲ ಕಿತ್ತು ಹೊಸದು ಹಾಕಿಬಿಡಿ.

ಕತ್ತಲೆಕೋಣೆ_ಹಾಸನ:

ಅಮ್ಮಾ, ಆರು ಸಾವಿರ ಕೊಡೋದಕ್ಕೆ ಮುಂಚೆ, ಫೋಮ್ ಕೀಳೋದಕ್ಕೂ ಮುಂಚೆ, ನೆಗೆಟಿವ್ ಕೈಗೆ ತಗೊಳ್ಳಿ. ಸ್ಕ್ಯಾನ್ ನೋಡಿ ಏನೂ ಹೇಳೋಕಾಗಲ್ಲ, ಅದರಲ್ಲಿ ಫಿಲ್ಮಿನ ಅಂಚು ಕತ್ತರಿಸಿ ಹೋಗಿರುತ್ತೆ. ನಮಗೆ ಬೇಕಾಗಿರೋದೇ ಆ ಅಂಚು.

ಗೆರೆ ನೆಗೆಟಿವ್‌ನಲ್ಲಿ ಕಪ್ಪಗೆ ಕಾಣುತ್ತೆ. ಅದು ಫೋಟೋದ ಚೌಕದೊಳಗೇ ನಿಂತಿದೆಯಾ, ಅಂಚಿನ ತೂತುಗಳ ಮೇಲೂ ಹರಿದಿದೆಯಾ ನೋಡಿ. ಶಟರ್ ಬಟ್ಟೆ ತೂತಾಗಿದ್ದರೆ ಬೆಳಕು ಮುಂದಿನಿಂದ, ಚೌಕಟ್ಟಿನ ಒಳಗಿಂದಲೇ ಬರಬೇಕು. ಫಿಲ್ಮಿನ ಅಂಚಿನ ತೂತುಗಳನ್ನು ಮುಟ್ಟೋದಕ್ಕೆ ಆ ಬೆಳಕಿಗೆ ದಾರಿಯೇ ಇಲ್ಲ. ಅಲ್ಲೂ ಕಪ್ಪಾಗಿದ್ದರೆ ಬೆಳಕು ನುಗ್ಗಿದ್ದು ಬಾಗಿಲಿನಿಂದ.

ನೀವು ಕಿತ್ತಳೆ ಬಣ್ಣ ಅಂದಾಗಲೇ ನನಗೆ ಬಾಗಿಲ ಮೇಲೆ ಅನುಮಾನ ಬಂತು. ಬಣ್ಣದ ಫಿಲ್ಮ್‌ನಲ್ಲಿ ಕೆಂಪು ಹಿಡಿಯುವ ಪದರ ಎಲ್ಲಕ್ಕಿಂತ ತಳದಲ್ಲಿರುತ್ತೆ. ಬೆನ್ನ ಕಡೆಯಿಂದ ಬಂದ ಬೆಳಕಿಗೆ ಮೊದಲು ಸಿಗೋದು ಅದೇ.

ಇನ್ನೊಂದು ಕೆಲಸ ಮಾಡಿ. ಬಾಗಿಲು ತೆಗೆದು, ಗೆರೆ ಇರುವ ನೆಗೆಟಿವ್ ತುಂಡನ್ನು ಫಿಲ್ಮ್ ಕೂರುವ ಜಾಗದಲ್ಲೇ ಇಡಿ. ಮಂಕು ಮುಖ ಲೆನ್ಸ್ ಕಡೆಗೆ, ಚಿತ್ರ ತಲೆಕೆಳಗು. ಕ್ಯಾಮೆರಾದೊಳಗೆ ಚಿತ್ರ ಬೀಳೋದೇ ಹಾಗಲ್ವಾ? ಫೋಟೋದ ಎಡಗಡೆ ಈಗ ನಿಮ್ಮ ಬಲಗಡೆಗೆ, ಅಂದರೆ ಬಾಗಿಲ ಕೀಲಿನ ಪಕ್ಕಕ್ಕೆ ಬರುತ್ತೆ. ಅಲ್ಲೊಂದು ಅಗಲವಾದ ಫೋಮ್ ಪಟ್ಟಿ ಇದೆ. ನನ್ನ ಲೆಕ್ಕದಲ್ಲಿ ಸೋರುತ್ತಿರೋದು ಅದು. ಎಲ್ಲ ಫೋಟೋಗಳಲ್ಲಿ ಯಾಕಿಲ್ಲ ಅಂದರೆ, ಕ್ಯಾಮೆರಾ ಬಿಸಿಲಲ್ಲಿ ಕೊರಳಿಗೆ ನೇತಾಡುವಾಗ ಅಲ್ಲಿ ಕಾದು ಕೂತಿದ್ದ ಫಿಲ್ಮಿಗೆ ಮಾತ್ರ ಏಟು ಬೀಳುತ್ತೆ. ಟಕಟಕ ಅಂತ ತೆಗೆದವು ಪಾರಾಗುತ್ತವೆ.

ನನ್ನ ಸ್ಟುಡಿಯೋದಲ್ಲಿ ಕೆಂಪು ಬಲ್ಬಿನ ಕೆಳಗೆ ಬ್ರೋಮೈಡ್ ಪೇಪರ್ ಸೀಳಿ ಒಳಗಿಟ್ಟು, ಬಿಸಿಲಿಗೆ ಹಿಡಿದು ತೊಳೆದು ನೋಡುತ್ತಿದ್ದೆ. ಕಪ್ಪಾದ ಕಡೆ ಸೋರಿಕೆ. ನಿಮ್ಮ ಹತ್ತಿರ ಡಾರ್ಕ್‌ರೂಮ್ ಇಲ್ಲದಿದ್ದರೆ ಮುಂದಿನ ರೀಲಿನಲ್ಲಿ ಮೊದಲ ಹತ್ತು ಫೋಟೋ ಹಾಗೇ ತೆಗೀರಿ. ಆಮೇಲೆ ಕೀಲಿನ ಮೇಲೆ ಮಾತ್ರ ಎಲೆಕ್ಟ್ರಿಷಿಯನ್‌ಗಳ ಕಪ್ಪು ಟೇಪ್ ಸುತ್ತಿ ಇನ್ನು ಹತ್ತು. ಪ್ರತಿ ಸಲವೂ ಎರಡು ನಿಮಿಷ ಬಿಸಿಲಿಗೆ ಹಿಡೀರಿ. ಯಾವ ನಂಬರಿಗೆ ಟೇಪ್ ಇತ್ತು ಅಂತ ಬರೆದಿಡಿ.

ಕೀಲೇ ಅಂತ ಖಾತ್ರಿಯಾದರೆ ಫೋಮ್ ತೆಗೆಯೋದು ಹೀಗೆ. ಮೊದಲು ಶಟರ್ ಬಟ್ಟೆ ಮುಚ್ಚುವ ಹಾಗೆ ಒಂದು ರಟ್ಟು ಕತ್ತರಿಸಿ, ಪೇಪರ್ ಟೇಪಿನಲ್ಲಿ ಸುತ್ತ ಅಂಟಿಸಿ. ಟೇಪ್ ಬಟ್ಟೆಗೆ ತಾಗಬಾರದು. ಆ ಕಪ್ಪು ಪುಡಿ ಶಟರ್ ಒಳಗೆ ಬಿದ್ದರೆ ಆಗ ನಿಜವಾಗಲೂ ಸಾವಿರಗಟ್ಟಲೆ ಕೊಡಬೇಕಾಗುತ್ತೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೊಹಾಲನ್ನು ಕಿವಿ ಬಡ್ಸ್‌ಗೆ ಹತ್ತಿಸಿ ಒತ್ತಿ, ಒಂದು ನಿಮಿಷ ಬಿಡಿ. ಆಮೇಲೆ ಊದುಬತ್ತಿಯ ಬಿದಿರು ಕಡ್ಡಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡು ತಳ್ಳಿದರೆ ಹಳೇ ಬೆಲ್ಲದ ಹಾಗೆ ಎದ್ದು ಬರುತ್ತೆ. ಥಿನ್ನರ್, ಪೆಟ್ರೋಲ್ ಖಂಡಿತ ಬೇಡ. ಚಾಕುವೂ ಬೇಡ. ಕೀಲಿಗೆ ಒಂದೂವರೆ ಮಿಲಿಮೀಟರ್ ದಪ್ಪದ ಕಪ್ಪು ಫೋಮ್ ಇಲ್ಲವೇ ಮಖಮಲ್ ಸಾಕು. ಜಾಸ್ತಿ ದಪ್ಪ ಹಾಕಿದರೆ ಬಾಗಿಲು ಸರಿಯಾಗಿ ಕೂರಲ್ಲ, ಒಳಗಿನ ಪ್ಲೇಟ್ ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯಲ್ಲ.

ಕನ್ನಡಿಯ ಮೇಲಿರುವ ಫೋಮ್ ಈಗ ಮುಟ್ಟಬೇಡಿ. ಅದು ಮುಖ್ಯವಾಗಿ ಕನ್ನಡಿಯ ಪೆಟ್ಟು ತಡೆಯೋದಕ್ಕೆ. ಅಲ್ಲೇ ಇರುವ ಫೋಕಸ್ ಸ್ಕ್ರೀನಿಗೆ ಆಲ್ಕೊಹಾಲ್ ತಾಗಿದರೆ ಹಾಳಾಗುತ್ತೆ.

ಬೆಣ್ಣೆನಗರಿ:

ಮಧ್ಯೆ ಕೇಳ್ತಿದೀನಿ, ಕ್ಷಮಿಸಿ. ನನ್ನದು ಆಗ್ಫಾ ಕ್ಲಿಕ್ 3. ಅದರಲ್ಲಿ ಫೋಮ್ ಕಾಣಿಸ್ತಿಲ್ಲ. ಆದರೂ ಕಪ್ಪುಬಿಳುಪು ಫೋಟೋಗಳ ನಡುವೆ ಮಸುಕು ಬೊಟ್ಟು.

ಕತ್ತಲೆಕೋಣೆ_ಹಾಸನ:

ಬೆನ್ನಿನಲ್ಲಿ ನಂಬರ್ ನೋಡುವ ಕೆಂಪು ಕಿಟಕಿ ಇದೆಯಲ್ಲ, ಮೊದಲು ಅದನ್ನು ನೋಡಿ. ಅಂಥ ಕಿಟಕಿ ಬಂದ ಕಾಲದ ಎಷ್ಟೋ ಫಿಲ್ಮ್‌ಗಳಿಗೆ ಕೆಂಪು ಬೆಳಕು ತಟ್ಟುತ್ತಲೇ ಇರಲಿಲ್ಲ. ಈಗಿನ ಸಾಮಾನ್ಯ ಕಪ್ಪುಬಿಳುಪು ಫಿಲ್ಮ್ ಕೆಂಪನ್ನೂ ಹಿಡಿಯುತ್ತೆ. ಕಿಟಕಿಗೆ ಕಪ್ಪು ಟೇಪ್ ಹಾಕಿ, ರೀಲು ತಿರುಗಿಸುವಾಗ ಮಾತ್ರ ನೆರಳಲ್ಲಿ ನಿಂತು ಎತ್ತಿ.

ಮಳೆಹನಿ_ಸಾಗರ:

ಸರ್, ಮೂರು ವಾರ ಆಯ್ತು, ತಡವಾಗಿ ಬರೀತಿದೀನಿ. ಹಳೇ ನೆಗೆಟಿವ್‌ನಲ್ಲಿ ಗೆರೆ ತೂತುಗಳ ಮೇಲೂ ಇತ್ತು. ಟೇಪ್ ಹಾಕದ ಹತ್ತರಲ್ಲಿ ಏಳಕ್ಕೆ ಗೆರೆ ಬಂತು, ಟೇಪ್ ಹಾಕಿದ ಒಂದಕ್ಕೂ ಇಲ್ಲ. ನಿನ್ನೆ ಕೀಲಿನ ಫೋಮ್ ತೆಗೆದು ಮಖಮಲ್ ಹಾಕಿದೆ. ಒಂದು ಸಂಜೆಯ ಕೆಲಸ. ಬಾಗಿಲು ಮೊದಲಿನಷ್ಟೇ ಸಲೀಸಾಗಿ ಮುಚ್ಚುತ್ತೆ.

ಒಂದು ವಿಷಯ ಕೇಳಬೇಕಿತ್ತು. ಬಾಗಿಲ ಕೆಳ ಅಂಚು ಕೂರುವ ಸಂದಿನಲ್ಲಿ ಫೋಮೇ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಕಪ್ಪು ಉಲ್ಲನ್ ದಾರ. ಎರಡು ಎಳೆ ಹೊಸೆದು, ಉದ್ದಕ್ಕೂ ಒಂದೇ ಸಮ ಕೂರಿಸಿ, ತುದಿಗಳನ್ನು ಓರೆಯಾಗಿ ಕತ್ತರಿಸಿದ್ದಾರೆ. ಅತ್ತೆಗೆ ತೋರಿಸಿದೆ. "ನಾನು ಸ್ವೆಟರ್ ಹೆಣೆಯುವಾಗ ನಿಮ್ಮ ಮಾವ ಬಂದು ಒಂದು ಮೊಳ ಕೇಳಿದ್ದರು" ಅಂದರು. ಅದನ್ನೂ ತೆಗೆದು ಹೊಸದು ಹಾಕಬೇಕಾ?

ಕತ್ತಲೆಕೋಣೆ_ಹಾಸನ:

ಕೆಳಗಡೆ ಎಲ್ಲೂ ಸೋರಿಲ್ಲ ಅಂತ ನಿಮ್ಮ ನೆಗೆಟಿವ್ ಹೇಳ್ತಿದೆ. ಉಲ್ಲನ್ ಫೋಮಿನ ಹಾಗೆ ಕರಗಲ್ಲ. ಹಾಗೇ ಇರಲಿ ಬಿಡಿ ಅಮ್ಮಾ.