ಅಪ್‌ಡೇಟ್: ರಿಮೈಂಡರ್ ಒಂದು ಗಂಟೆ ಮೊದಲೇ ಬರುತ್ತಿದ್ದ ಸಮಸ್ಯೆ ಬಗೆಹರಿಯಿತು

ನೆನಪಿಲ್ಲದವರಿಗೆ: ಮೈಸೂರಿನ ಟೀಚರ್ ಒಬ್ಬರು ಅಮೆರಿಕದ ನ್ಯೂಜೆರ್ಸಿಯ ಮಕ್ಕಳಿಗೆ ಭಾನುವಾರ ಅಲ್ಲಿನ ಬೆಳಿಗ್ಗೆ 9ಕ್ಕೆ ಆನ್‌ಲೈನ್ ಕನ್ನಡ ಕ್ಲಾಸ್ ಮಾಡುತ್ತಾರೆ. ಅದಕ್ಕೆ ರಿಮೈಂಡರ್ ಕಳಿಸುವ ಪ್ರೋಗ್ರಾಂ ನನ್ನದು. 2024ರ ನವೆಂಬರ್ 3ರಂದು ಮಕ್ಕಳಿಗೆ ರಿಮೈಂಡರ್ 8 ಗಂಟೆಗೇ ಹೋಗಿತ್ತು.

ಒಂದು ವಾರ ಅಂದರೆ ಯಾವಾಗಲೂ 168 ಗಂಟೆ ಅಲ್ಲ ಅಂತ ನೀವು ಹೇಳಿದ್ದೇ ಸರಿ. ನಾನು ಹಿಂದಿನ ಕ್ಲಾಸಿನ ಯುಟಿಸಿ (ಎಲ್ಲ ದೇಶಗಳ ಸಮಯಕ್ಕೂ ಆಧಾರವಾದ ಜಾಗತಿಕ ಸಮಯ) ಸಮಯಕ್ಕೆ ಸುಮ್ನೆ 168 ಗಂಟೆ ಕೂಡಿಸುತ್ತಿದ್ದೆ. ನವೆಂಬರ್ 3ರಂದು ಅಮೆರಿಕದಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಹಾಗಾಗಿ ಆ ವಾರಕ್ಕೆ 169 ಗಂಟೆ! ಈಗ 'ಭಾನುವಾರ, 9:00, ಅಮೆರಿಕ/ನ್ಯೂಯಾರ್ಕ್' ಅಂತಲೇ ಉಳಿಸಿ, ಪ್ರತಿ ವಾರ ಅದರಿಂದ ಯುಟಿಸಿ ಲೆಕ್ಕ ಹಾಕುತ್ತೇನೆ.

ಆದರೆ ನಿಜವಾದ ತಲೆನೋವು ಬೇರೆಯೇ ಇತ್ತು. ಟೀಚರ್‌ಗೆ ಹೋಗುವ ರಿಮೈಂಡರ್ 23 ನಿಮಿಷ ಮೊದಲೇ ಹೋಗುತ್ತಿತ್ತು. ಒಂದು ಗಂಟೆ, ಅರ್ಧ ಗಂಟೆ ಆದರೆ ಅರ್ಥವಾಗುತ್ತೆ. 23 ನಿಮಿಷ ಎಲ್ಲಿಂದ ಬಂತು? ಎರಡು ರಾತ್ರಿ ಹುಡುಕಿದೆ. ಪೈಟಾನ್‌ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಮಯವಲಯಗಳನ್ನು ನೋಡಿಕೊಳ್ಳುವ ಹಳೆಯ ಪೈಟಿಝಡ್ ಲೈಬ್ರರಿಯ ಏಷ್ಯಾ/ಕೋಲ್ಕತಾ ವಲಯವನ್ನು (ಭಾರತದ ಸಮಯವಲಯ), ಸಮಯದ ಜೊತೆ ವಲಯ ಹೇಳುವ ಜಾಗವಾದ ಟಿಝಡ್‌ಇನ್ಫೋಗೆ ನೇರವಾಗಿ ಕೊಟ್ಟಿದ್ದೆ. ಹಾಗೆ ಕೊಟ್ಟರೆ ಅದು ಹಳೇ ಕಾಲದ ಕಲ್ಕತ್ತಾದ ಸ್ಥಳೀಯ ಸಮಯವನ್ನು ಹಿಡಿದುಕೊಳ್ಳುತ್ತದೆ. ಅಂದರೆ ಯುಟಿಸಿಗಿಂತ 5:30 ಗಂಟೆ ಮುಂದೆ ಅಲ್ಲ, 5:53! ಆಯಾ ದಿನಾಂಕಕ್ಕೆ ಸರಿಯಾದ ಸಮಯ ಆರಿಸುವ ಲೋಕಲೈಸ್ ಎಂಬ ಫಂಕ್ಷನ್ ಬಳಸಬೇಕಿತ್ತು. ನಾನು ಪೈಟಿಝಡ್ ಅನ್ನೇ ತೆಗೆದು, ಪೈಟಾನ್ 3.9ರಿಂದ ಜೊತೆಗೇ ಬರುವ ಝೋನ್‌ಇನ್ಫೋ ಲೈಬ್ರರಿ ಹಾಕಿದೆ.

ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವ 2025ರ ಮಾರ್ಚ್ 9ರ ದಿನಾಂಕ ಕೊಟ್ಟೂ ನೋಡಿದೆ. ಆ ವಾರ 167 ಗಂಟೆ ಬಂತು, ಸರಿಯಾಗಿದೆ. ಟೀಚರ್‌ಗೆ ಮಾತ್ರ ಈಗ ಬೇಜಾರು: ಭಾರತದ ಸಮಯ ಸಂಜೆ 6:30ಕ್ಕಿದ್ದ ಕ್ಲಾಸ್ ಚಳಿಗಾಲದಲ್ಲಿ 7:30ಕ್ಕೆ, ಸರಿಯಾಗಿ ಅಡುಗೆ ಹೊತ್ತಿಗೆ. ಅದಕ್ಕೆ ನನ್ನ ಕೋಡ್‌ನಲ್ಲಿ ಮದ್ದಿಲ್ಲ.