ಬಿಟ್ಟು ಗೆಲ್ಲುವುದೋ, ಅರ್ಪಿಸಿ ಗೆಲ್ಲುವುದೋ: ಕೌಲಮಾರ್ಗದಲ್ಲಿ ಆಸೆಯ ಪ್ರಶ್ನೆ

(ಶಾಕ್ತ ತಂತ್ರದ ಒಂದು ಪಂಥವಾದ ಕೌಲಮಾರ್ಗದ ಬಗ್ಗೆ ನಾಲ್ವರ ಲಿಖಿತ ಚರ್ಚೆ. ಪ್ರತಿ ಮಾತಿನ ಮುಂದಿರುವುದು ಬರೆದವರ ಅಂಕಿತನಾಮ.)

ಶ್ರೀಚಕ್ರೋಪಾಸಕ: ಆಸೆಯನ್ನು ಗೆಲ್ಲಲು ವಿಷಯಗಳಿಂದ ದೂರ ಸರಿಯಬೇಕೆಂಬುದು ಸಂನ್ಯಾಸಿಗಳ ಉಪದೇಶ. ಆದರೆ ಯಾವ ದ್ರವ್ಯಗಳಿಂದ ಪತನವೋ ಅವುಗಳಿಂದಲೇ ಸಿದ್ಧಿ ಎಂದು ಕೌಲರ ಗ್ರಂಥವಾದ ಕುಲಾರ್ಣವ ತಂತ್ರದ ಐದನೆಯ ಉಲ್ಲಾಸ (ಅಧ್ಯಾಯ) ಸ್ಪಷ್ಟವಾಗಿ ಸಾರುತ್ತದೆ. ಮದ್ಯ, ಮಾಂಸ, ಮತ್ಸ್ಯ, ಮುದ್ರೆ (ಹುರಿದ ಧಾನ್ಯ), ಮೈಥುನ ಎಂಬ ಪಂಚಮಕಾರಗಳನ್ನು ದೇವಿಗೆ ನಿವೇದಿಸಿ ಪ್ರಸಾದವೆಂದು ಸ್ವೀಕರಿಸುವ ಸಾಧಕನಲ್ಲಿ ‘ನಾನು ಭೋಗಿಸುತ್ತೇನೆ’ ಎಂಬ ಭಾವವೇ ಕರಗುತ್ತದೆ. ಬಲವಂತವಾಗಿ ಬಿಟ್ಟವನಲ್ಲಿ ಆಸೆ ಹಾಗೆಯೇ ಉಳಿದಿರುತ್ತದೆ.

ಮೂಲಪಾಠ: “ಸ್ಪಷ್ಟವಾಗಿ ಸಾರುತ್ತದೆ” ಎಂದಿರಿ. ಅದೇ ಗ್ರಂಥದ ಎರಡನೆಯ ಉಲ್ಲಾಸ ಇನ್ನೂ ಸ್ಪಷ್ಟವಾಗಿದೆ: ಮದ್ಯ ಕುಡಿದರೇ ಸಿದ್ಧಿಯಾಗುವುದಾದರೆ ಕುಡುಕರೆಲ್ಲರೂ ಸಿದ್ಧಿ ಪಡೆಯಬೇಕಿತ್ತು. ಕುಲಾಚಾರವು, ಅಂದರೆ ಕೌಲರ ಆಚರಣೆಯು, ಕತ್ತಿಯ ಅಲಗಿನ ಮೇಲೆ ನಡೆಯುವುದಕ್ಕಿಂತ, ಹುಲಿಯ ಕೊರಳಿಗೆ ಜೋತುಬೀಳುವುದಕ್ಕಿಂತ ಕಠಿಣವೆಂದೂ ಅಲ್ಲಿಯೇ ಇದೆ. ಅದನ್ನು ತಾವು ಬಿಟ್ಟಿದ್ದೇಕೆ?

ಶ್ರೀಚಕ್ರೋಪಾಸಕ: ಕಠಿಣವಾದದ್ದು ನಿಷಿದ್ಧವಲ್ಲ. 18ನೆಯ ಶತಮಾನದ ಭಾಸ್ಕರರಾಯರು ಗೃಹಸ್ಥರು, ವೈದಿಕ ಯಜ್ಞಗಳನ್ನು ಮಾಡಿದವರು, ಜೊತೆಗೆ ಕೌಲರು. ಲಲಿತಾ ಸಹಸ್ರನಾಮಕ್ಕೆ ‘ಸೌಭಾಗ್ಯಭಾಸ್ಕರ’ ಎಂಬ ಭಾಷ್ಯ ಬರೆದವರಿಗಿಂತ ದೊಡ್ಡ ಪ್ರಮಾಣ ಬೇಕೇ?

ವಂಗದರ್ಶಿ: ಬೇಕು. 1861ರಿಂದ 1863ರವರೆಗೆ ದಕ್ಷಿಣೇಶ್ವರದಲ್ಲಿ ಭೈರವಿ ಬ್ರಾಹ್ಮಣಿಯ ಮಾರ್ಗದರ್ಶನದಲ್ಲಿ ತಾಂತ್ರಿಕ ಸಾಧನೆ ಮುಗಿಸಿದ ಶ್ರೀರಾಮಕೃಷ್ಣರು ಮದ್ಯಪಾನ ಮಾಡಲಿಲ್ಲ, ಸ್ತ್ರೀಸಂಗ ಮಾಡಲಿಲ್ಲ. ಸ್ತ್ರೀಯರೆಲ್ಲರಲ್ಲೂ ತಾಯಿಯನ್ನೇ ಕಂಡರು. ದ್ರವ್ಯವೇ ಮೆಟ್ಟಿಲೆಂಬ ತಮ್ಮ ಮಾತಿಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಶ್ರೀಚಕ್ರೋಪಾಸಕ: “ಸಾಧನೆ ಮುಗಿಸಿದ” ಎಂಬುದನ್ನು ನಾನು ಒಪ್ಪುವುದಿಲ್ಲ. ಅವರು ಹುಟ್ಟಿನಿಂದಲೇ ದಿವ್ಯಭಾವದವರು, ಅಂದರೆ ಆಸೆಯನ್ನು ಮೀರಿದವರು. ಪ್ರಲೋಭನೆಯೇ ಇಲ್ಲದವರು ಅದನ್ನು ಗೆದ್ದರೆಂದು ಹೇಳುವುದು, ಆ ಉದಾಹರಣೆಯನ್ನು ವೀರಭಾವದ, ಅಂದರೆ ಆಸೆಯನ್ನು ಎದುರಿಸಿ ಗೆಲ್ಲಬೇಕಾದ, ಸಾಧಕನ ಮೇಲೆ ಹೇರುವುದು ಎರಡೂ ತಪ್ಪು.

ವಂಗದರ್ಶಿ: ಹುಟ್ಟಿನಿಂದಲೇ ಗೆದ್ದವರಿಗೆ ಸಾಧನೆ ಏಕೆ ಬೇಕಿತ್ತು? ಅವರು ಈ ಮಾರ್ಗವನ್ನು ಮನೆಯ ಹಿಂದಿನ ಕಕ್ಕಸು ಬಾಗಿಲಿನಿಂದ ಒಳಹೊಗುವುದಕ್ಕೆ ಹೋಲಿಸಿದ್ದರು. ಅದನ್ನೂ ಒಪ್ಪುವುದಿಲ್ಲವೇ?

ಶ್ರೀಚಕ್ರೋಪಾಸಕ: ಅದೂ ಒಂದು ಬಾಗಿಲೆಂದು ಅವರೇ ಒಪ್ಪಿದ ಹಾಗಾಯಿತಲ್ಲ! ಅಧಿಕಾರಭೇದವನ್ನೇ, ಅಂದರೆ ಸಾಧಕರ ಅರ್ಹತೆಯ ವ್ಯತ್ಯಾಸವನ್ನೇ, ಅರಿಯದವರು ತಂತ್ರದ ಬಗ್ಗೆ ತೀರ್ಪು ಕೊಡಬಾರದು.

ಭೈರವಿಯ ಓದುಗಳು: ಇಷ್ಟು ಹೊತ್ತು ಶಿಷ್ಯನ ಅಧಿಕಾರವನ್ನೇ ಅಳೆಯುತ್ತಿದ್ದೀರಿ, ರಾಮಕೃಷ್ಣರ ಗುರು ಭೈರವಿ ಬ್ರಾಹ್ಮಣಿಯ ಹೆಸರು ಒಮ್ಮೆ ಬಂದು ಮರೆಯಾಯಿತು. ತಂತ್ರಶಾಸ್ತ್ರವನ್ನೂ ವೈಷ್ಣವ ಗ್ರಂಥಗಳನ್ನೂ ಅರಗಿಸಿಕೊಂಡಿದ್ದ ಆ ಸಂನ್ಯಾಸಿನಿಯೇ ವಿಧಿಗಳನ್ನು ಏರ್ಪಡಿಸಿದಳು, ಶಿಷ್ಯ ಮದ್ಯ ಮುಟ್ಟದಿದ್ದರೂ ಸಾಧನೆ ಪೂರ್ಣವಾಯಿತೆಂದು ಒಪ್ಪಿದಳು. ಮಾರ್ಗದ ಬಗ್ಗೆ ಅವಳ ತೀರ್ಪಿಗಿಂತ ತಮ್ಮ ತೀರ್ಪು ಹೇಗೆ ದೊಡ್ಡದು? ಸ್ತ್ರೀಯನ್ನು ದ್ರವ್ಯಗಳ ಸಾಲಿನಲ್ಲಿಟ್ಟು ಗಂಡಸಿನ ಪತನವನ್ನಷ್ಟೇ ಚರ್ಚಿಸುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಶ್ರೀಚಕ್ರೋಪಾಸಕ: “ದ್ರವ್ಯಗಳ ಸಾಲಿನಲ್ಲಿ” ಎಂದು ನಾನು ಬರೆದೇ ಇಲ್ಲ. ಸಾಧಕರು ವೃತ್ತವಾಗಿ ಕುಳಿತು ಮಾಡುವ ಚಕ್ರಪೂಜೆಯಲ್ಲಿ ಆಕೆ ಶಕ್ತಿ, ಪೂಜ್ಯೆ.

ಭೈರವಿಯ ಓದುಗಳು: ಪಂಚಮಕಾರ ಎಂದಿರಿ, ಐದನೆಯದು ಮೈಥುನ. ಪೂಜ್ಯೆಯಾದ ಆಕೆಯ ಸಾಧನೆ ಏನಾಯಿತೆಂದು ಒಂದು ವಾಕ್ಯವನ್ನಾದರೂ ಬರೆಯಬಹುದಿತ್ತು.

ಮೂಲಪಾಠ: ಐದನೆಯದರ ಮಾತು ಬಂದದ್ದರಿಂದ ಹೇಳುತ್ತೇನೆ. ಮಹಾನಿರ್ವಾಣ ತಂತ್ರದ ಎಂಟನೆಯ ಉಲ್ಲಾಸ ಕಲಿಯುಗದ ಗೃಹಸ್ಥನಿಗೆ ಮದ್ಯದ ಬದಲು ಹಾಲು, ಸಕ್ಕರೆ, ಜೇನನ್ನೂ, ಐದನೆಯದರ ಬದಲು ದೇವಿಯ ಪಾದಧ್ಯಾನವನ್ನೂ ಇಷ್ಟಮಂತ್ರಜಪವನ್ನೂ ವಿಧಿಸುತ್ತದೆ.

ಶ್ರೀಚಕ್ರೋಪಾಸಕ: ಆ ಗ್ರಂಥ 18ನೆಯ ಶತಮಾನದ ಕೊನೆಯ ರಚನೆಯೆಂದು ಹಲವು ವಿದ್ವಾಂಸರೇ ಹೇಳುತ್ತಾರೆ. ಅದನ್ನು ಕುಲಾರ್ಣವದ ಪಕ್ಕದಲ್ಲಿಡಬೇಡಿ.

ಮೂಲಪಾಠ: ಇಡುವುದಿಲ್ಲ. ಹಾಗಾದರೆ ಕುಲಾರ್ಣವದ ಎರಡನೆಯ ಉಲ್ಲಾಸಕ್ಕೆ ತಾವು ಇನ್ನೂ ಉತ್ತರಿಸಿಲ್ಲ.

ಶ್ರೀಚಕ್ರೋಪಾಸಕ: ಉತ್ತರಿಸಿದ್ದೇನೆ, ಮೇಲೆ ಓದಿಕೊಳ್ಳಿ. ಗುರುವಿಲ್ಲದೆ ಯಾರೂ ಈ ದಾರಿಗಿಳಿಯಬಾರದೆಂಬುದು ನನ್ನ ನಿಲುವೂ ಹೌದು. ಆದರೆ ಇಳಿದವನಿಗೆ ದ್ರವ್ಯ ಬೇಡವೆಂದು ಹೇಳುವ ಹಕ್ಕು ಅವನ ಗುರುವಿಗಿದೆ, ತಮಗಿಲ್ಲ.