ಹಲ್ಲಿನ ಡಾಕ್ಟರ್ ಕುರ್ಚಿ ಕಂಡರೆ ಕೈ ಬೆವರುತ್ತೆ, ಏನು ಮಾಡ್ಲಿ?

ಕಡಕ್ ರೊಟ್ಟಿ, ಕಲಬುರಗಿ:
ನನಗೆ 43. ಸೂಪರ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿ. ಎಡಗಡೆ ಕೆಳಗಿನ ದವಡೆ ಹಲ್ಲು ಮೂರು ವಾರದಿಂದ ಸಿಡಿಯುತ್ತಿದೆ. ರೊಟ್ಟಿಯನ್ನ ಬ್ಯಾಳಿಯಲ್ಲಿ ನೆನೆಸಿ ತಿನ್ನುತ್ತಿದ್ದೇನೆ, ಹೆಸರು ನೋಡಿದರೆ ಕಡಕ್ ರೊಟ್ಟಿ! ರೂಟ್ ಕೆನಾಲ್ ಆಗಬೇಕಂತೆ.

12 ವರ್ಷದ ಹಿಂದೆ ಒಂದು ಕಡೆ ಹಲ್ಲು ಕೀಳಿಸಿದ್ದೆ. ಮರಗಟ್ಟಿಲ್ಲ ಅಂದರೂ ಕೇಳಲಿಲ್ಲ. "ಅಷ್ಟೇನಿಲ್ಲ, ಸುಮ್ನಿರಿ" ಅಂದರು. ಕುರ್ಚಿಯ ರೆಕ್ಸಿನ್ ಮೇಲೆ ನನ್ನ ಉಗುರಿನ ಗುರುತು ಮೂಡಿತ್ತು. ಮೊನ್ನೆ ಬೇರೆ ಕ್ಲಿನಿಕ್‌ಗೆ ಹೋದೆ. ಲವಂಗದೆಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ವಾಪಸ್. ಟೋಕನ್ ಇನ್ನೂ ಜೇಬಲ್ಲೇ ಇದೆ. ಹೆದರಿಕೆ ತಗ್ಗಿಸೋಕೆ ಗ್ಯಾಸ್, ಮಾತ್ರೆ ಅಂತೆಲ್ಲ ಹೇಳ್ತಾರಲ್ಲ, ಯಾರಾದರೂ ತಗೊಂಡಿದ್ದೀರಾ? ಬಿಪಿ ಮಾತ್ರೆ ನಡೀತಿದೆ.

ಬಿದರಿ ಹೂಜಿ, ಬೀದರ್:
ಹೈದರಾಬಾದ್‌ನಲ್ಲಿ ಗ್ಯಾಸ್ ತಗೊಂಡೆ, ನೈಟ್ರಸ್ ಆಕ್ಸೈಡ್. ಮೂಗಿಗೆ ಚಿಕ್ಕ ಮಾಸ್ಕ್ ಇಡ್ತಾರೆ. ಮೂರ್ನಾಲ್ಕು ನಿಮಿಷಕ್ಕೆ ಬೆರಳ ತುದಿ ಜುಮ್ ಅಂತು, ಕಾಲು ಹಗುರಾಯ್ತು. ನಿದ್ದೆ ಬರಲ್ಲ. ಡ್ರಿಲ್ ಸದ್ದು ಕೇಳಿಸುತ್ತೆ, ಆದರೆ ಪಕ್ಕದ ಮನೆಯಲ್ಲಿ ಯಾರೋ ಮಿಕ್ಸರ್ ಹಾಕಿದ ಹಾಗೆ. ಕೊನೆಗೆ 5 ನಿಮಿಷ ಬರೀ ಆಕ್ಸಿಜನ್ ಕೊಟ್ಟರು, ತಲೆ ತಿಳಿಯಾಯ್ತು. ನೆಗಡಿ ಇದ್ದಾಗ ಹೋಗಬೇಡಿ, ಮೂಗಿಂದಲೇ ಎಳೀಬೇಕು.

ತೊಗರಿ ಕಣ:
ಒಂದು ಪೆಗ್ ಹಾಕ್ಕೊಂಡು ಹೋಗ್ರಿ, ಮುಗೀತು 😄

ಸೇಡಂ ರೋಡ್ (ದಂತ ವೈದ್ಯೆ):
ತಮಾಷೆಗೂ ಬೇಡ ರೀ. ಕುಡಿದ ಮೇಲೆ ಹೆದರಿಕೆ ತಗ್ಗಿಸೋ ಮಾತ್ರೆಯೂ ಬಿದ್ದರೆ ಉಸಿರಾಟವೇ ನಿಧಾನ ಆಗಬಹುದು.

ರೊಟ್ಟಿಯವರೇ, ಗ್ಯಾಸ್ ಆಗಲಿ ಮಾತ್ರೆ ಆಗಲಿ ಹೆದರಿಕೆ ತಗ್ಗಿಸುತ್ತೆ ಅಷ್ಟೇ. ಹಲ್ಲು ಮರಗಟ್ಟಬೇಕಾದರೆ ಲಿಗ್ನೋಕೇನ್ ಇಂಜೆಕ್ಷನ್ನೇ ಬೇಕು. ಕೆರಳಿದ ಕೆಳದವಡೆ ಹಲ್ಲು ಎಷ್ಟೋ ಸಲ ಒಂದೇ ಇಂಜೆಕ್ಷನ್‌ಗೆ ಬಗ್ಗಲ್ಲ. ಎರಡನೆಯದು ಕೇಳೋದಕ್ಕೆ ನಾಚಿಕೆ ಬೇಡ. ಅದರಲ್ಲಿರೋ ಅಡ್ರಿನಲಿನ್‌ನಿಂದ ಒಂದೆರಡು ನಿಮಿಷ ಎದೆ ಢವಢವ ಅನ್ನಬಹುದು, ಅದು ಹೆದರಿಕೆ ಅಲ್ಲ.

ಮಾತ್ರೆ ಅಂದರೆ ಡಯಾಜೆಪಾಮ್ ತರಹದ್ದು, ಸುಮಾರು ಒಂದು ಗಂಟೆ ಮುಂಚೆ. ಚೀಟಿ ಇಲ್ಲದೆ ತಗೋಬೇಡಿ. ಆ ದಿನ ಸ್ಕೂಟರ್ ಮುಟ್ಟಬಾರದು. ರಕ್ತನಾಳಕ್ಕೆ ಮಿಡಜೋಲಾಮ್ ಅನ್ನೋ ಮಂಪರು ಔಷಧಿ ಕೊಡೋದೂ ಉಂಟು. ಅದಕ್ಕೆ 6 ಗಂಟೆ ಏನೂ ತಿಂದಿರಬಾರದು, ಬೆರಳಿಗೆ ಆಕ್ಸಿಮೀಟರ್ ಇರಬೇಕು, ತರಬೇತಿ ಇರುವವರು ಪಕ್ಕದಲ್ಲೇ ಇರಬೇಕು. ಒಂದು ರೂಟ್ ಕೆನಾಲ್‌ಗೆ ಅಷ್ಟು ದೂರ ಹೋಗೋದು ಬೇಡ ಅನ್ನಿಸುತ್ತೆ. ಬಿಪಿ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಕಡಕ್ ರೊಟ್ಟಿ:
ಹೋಗಿ ಬಂದೆ! ಅಲ್ಲಿ ಗ್ಯಾಸ್ ಇರಲಿಲ್ಲ. ಮಾತ್ರೆ ಬರೆದುಕೊಟ್ಟರು, ಹೆಂಡತಿ ಸ್ಕೂಟರ್ ಹಿಂದೆ ಕೂತು ಹೋದೆ. ಹಳೇ ಕಥೆ ಮೊದಲೇ ಹೇಳಿಬಿಟ್ಟೆ. "ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು. ಮೊದಲ ಸಲ ಎತ್ತಿದಾಗ ನಿಜವಾಗಿಯೂ ನಿಲ್ಲಿಸಿದರು, ಇನ್ನೊಂದು ಇಂಜೆಕ್ಷನ್ ಕೊಟ್ಟರು. ಎರಡನೇ ಸಲ ನಿಲ್ಲಿಸ್ತಾರಾ ಅಂತ ಪರೀಕ್ಷೆ ಮಾಡಿದೆ. ಮೂರನೇ ಸಲ ಮೂಗು ತುರಿಸ್ತಿತ್ತು.

ಬುಧವಾರ ಎರಡನೇ ಸಿಟಿಂಗ್.